ಹತ್ತು ತಿಂಗಳಿಗೇ ಎಸ್‌ಎಸ್‌ಡಿ ಹೆಲ್ತ್ 68: ತೋಟದ ಕಂಪ್ಯೂಟರ್‌ನಲ್ಲಿ ಇಷ್ಟೊಂದು ಬರೆಯುತ್ತಿರುವುದು ಯಾರು?

ಮಳೆಪುಸ್ತಕ, ಸುಂಟಿಕೊಪ್ಪ | ಜೂನ್ 10, ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ಸುಂಟಿಕೊಪ್ಪದ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ ಇದೆ. ಆಫೀಸಿನ ಡೆಸ್ಕ್‌ಟಾಪ್ ಹಳೆಯದು, ವಿಂಡೋಸ್ 10, ರ‍್ಯಾಮ್ 8 ಜಿಬಿ. ಆನ್ ಮಾಡಿ, ಒಂದು ಲೋಟ ಕಾಫಿ ಕುಡಿದು ಬರುವಷ್ಟು ನಿಧಾನ ಆಗಿತ್ತು. ಕಳೆದ ಆಗಸ್ಟ್‌ನಲ್ಲಿ 240 ಜಿಬಿಯ ಸಾಟಾ ಎಸ್‌ಎಸ್‌ಡಿ (ತಿರುಗುವ ಹಾರ್ಡ್‌ಡಿಸ್ಕ್ ಬದಲು ಚಿಪ್‌ನಲ್ಲಿ ಡೇಟಾ ಇಡುವ ಡ್ರೈವ್) ಹಾಕಿಸಿದೆ. ಅವತ್ತಿನಿಂದ ಕುದುರೆ ಹಾಗೆ ಓಡುತ್ತಿದೆ. ಆ ಬಗ್ಗೆ ದೂರಿಲ್ಲ.

ಮೊನ್ನೆ ಮಗಳು ರಜೆಗೆ ಬಂದವಳು ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅಂತ ಡ್ರೈವ್‌ನ ಸ್ಥಿತಿ ತೋರಿಸುವ ಒಂದು ಸಾಫ್ಟ್‌ವೇರ್ ಹಾಕಿ ನೋಡಿದಳು. "ಅಪ್ಪಾ, ಹೆಲ್ತ್ 68 ಪರ್ಸೆಂಟ್ ತೋರಿಸ್ತಿದೆ, ಏನು ಮಾಡ್ತಿದ್ದೀರಿ ಇದರಲ್ಲಿ?" ಅಂತ ಕೇಳಿದಳು. ನಾನೇನು ಮಾಡುತ್ತೇನೆ? ಟ್ಯಾಲಿಯಲ್ಲಿ ಲೆಕ್ಕಪತ್ರ, ವಾರದ ಬಟವಾಡೆ ಪಟ್ಟಿ, ಕಾಫಿ ರೇಟು, ಇಮೇಲ್. ಸಂಜೆ ಒಂದೆರಡು ವಿಡಿಯೋ. ದಿನಕ್ಕೆ ನಾಲ್ಕೈದು ಗಂಟೆ ಕೆಲಸ. ಇಷ್ಟಕ್ಕೇ ಹತ್ತು ತಿಂಗಳಲ್ಲಿ ಮೂರರಲ್ಲೊಂದು ಪಾಲು ಸವೆದುಹೋಗುತ್ತದಾ?

ಕರೆಂಟ್ ಹೋಗಿ ಬಂದು ಹೀಗಾಗಿದೆ ಅನ್ನುತ್ತಾರೆ ಪಕ್ಕದ ತೋಟದವರು. ಮಗಳು ಈ ಮೂರು ಸಾಲು ಬರೆದುಕೊಟ್ಟು ವಾಪಸ್ ಹೋಗಿದ್ದಾಳೆ:

ಎಫ್1, ಟೋಟಲ್ ಹೋಸ್ಟ್ ರೈಟ್ಸ್: 5ಬಿ68
09, ಪವರ್ ಆನ್ ಅವರ್ಸ್: 13ಇಸಿ
ಅನ್‌ಎಕ್ಸ್‌ಪೆಕ್ಟೆಡ್ ಪವರ್ ಲಾಸ್: 3ಡಿ

ಸಂಖ್ಯೆ ಮಧ್ಯೆ ಅಕ್ಷರ ಯಾಕೆ ಬಂತು ಅಂತಲೂ ಗೊತ್ತಿಲ್ಲ. ತಿಳಿದವರು ಬಿಡಿಸಿ ಹೇಳಿ.

ಗೋಣಿಕೊಪ್ಪ_ರಿಪೇರಿ | ಜೂನ್ 10, ರಾತ್ರಿ 9:40

ಕರೆಂಟ್ ಹೋದ ಮಾತ್ರಕ್ಕೆ ಹೆಲ್ತ್ ಇಳಿಯುವುದಿಲ್ಲ ಸರ್. ಕರೆಂಟ್ ಹೋದರೆ ಫೈಲ್ ಹಾಳಾಗಬಹುದು, ಗ್ರಹಚಾರ ಕೆಟ್ಟಿದ್ದರೆ ಡ್ರೈವೇ ಸತ್ತುಹೋಗಬಹುದು. ಆದರೆ ಆ ಪರ್ಸೆಂಟ್ ಇಳಿಯುವುದು ಬರೆದೂ ಅಳಿಸಿಯೂ ಸವೆದದ್ದಕ್ಕೆ. ಏನೋ ಬರೆಯುತ್ತಿದೆ ನಿಮ್ಮಲ್ಲಿ.

ಟರ್ಮಿನಲ್_ಅಕ್ಕ, ಮಡಿಕೇರಿ | ಜೂನ್ 10, ರಾತ್ರಿ 10:25

ಅಣ್ಣ, ಅಕ್ಷರ ಇರುವ ಸಂಖ್ಯೆ ಅಂದರೆ ಹೆಕ್ಸ್, 16ರ ಲೆಕ್ಕ. ಆ ಸಾಫ್ಟ್‌ವೇರ್ ಮೊದಲಿಗೆ ಹಾಗೇ ತೋರಿಸುತ್ತದೆ. ಫಂಕ್ಷನ್ ಮೆನು, ಅಡ್ವಾನ್ಸ್ಡ್ ಫೀಚರ್, ರಾ ವ್ಯಾಲ್ಯೂಸ್ ಒಳಗೆ ಹೋಗಿ 10ರ ಲೆಕ್ಕಕ್ಕೆ ಬದಲಾಯಿಸಿಕೊಳ್ಳಿ. ಸದ್ಯಕ್ಕೆ ನಾನೇ ಬಿಡಿಸಿದ್ದೇನೆ.

5ಬಿ68 ಅಂದರೆ 23,400. ಡ್ರೈವ್‌ಗೆ ಇದುವರೆಗೆ ಒಟ್ಟು ಬರೆದದ್ದರ ಲೆಕ್ಕ ಇದು. ನಿಮ್ಮ ಡ್ರೈವ್ ಇದನ್ನು ಜಿಬಿಯಲ್ಲಿ ಕೊಡುವ ಜಾತಿಯದು ಅನ್ನಿಸುತ್ತದೆ. ಪರದೆಯ ಬಲಮೂಲೆಯಲ್ಲೂ ಟೋಟಲ್ ಹೋಸ್ಟ್ ರೈಟ್ಸ್ ಅಂತ ಇರುತ್ತದೆ, ಅಲ್ಲೂ 23,400 ಜಿಬಿ ಅಂತ ಇದೆಯಾ ನೋಡಿ. ಎಲ್ಲ ಕಂಪನಿಯವರೂ ಒಂದೇ ಅಳತೆ ಇಟ್ಟಿಲ್ಲ. ಕೆಲವರು 512 ಬೈಟ್‌ನ ಸೆಕ್ಟರ್ ಎಣಿಸುತ್ತಾರೆ, ಕೆಲವರು 32 ಎಂಬಿಯ ತುಂಡು ಎಣಿಸುತ್ತಾರೆ. ಸೇರು, ಕೊಳಗ, ಬಳ್ಳ ಎಲ್ಲ ಒಂದೇ ಅಂಗಡಿಯಲ್ಲಿಟ್ಟ ಹಾಗೆ.

13ಇಸಿ ಅಂದರೆ 5,100 ಗಂಟೆ. 3ಡಿ ಅಂದರೆ 61 ಸಲ ಹೇಳದೆ ಕೇಳದೆ ಕರೆಂಟ್ ಹೋಗಿದೆ. ಕೊಡಗಿಗೆ ಇದು ಕಡಿಮೆಯೇ.

ಈಗ ಲೆಕ್ಕ. 300 ದಿನಕ್ಕೆ 23,400 ಜಿಬಿ ಅಂದರೆ ದಿನಕ್ಕೆ ಸರಾಸರಿ 78 ಜಿಬಿ. ಬಟವಾಡೆ ಪಟ್ಟಿಗೆ ಇಷ್ಟು ಬೇಡ. ಇನ್ನೊಂದು ಇದೆ. ದಿನಕ್ಕೆ ನಾಲ್ಕೈದು ಗಂಟೆ ಕೆಲಸ ಅಂದಿರಿ. 5,100 ಗಂಟೆಯನ್ನು 300ರಿಂದ ಭಾಗಿಸಿದರೆ 17 ಗಂಟೆ ಬರುತ್ತದೆ. ಉಳಿದ ಹನ್ನೆರಡು ಗಂಟೆ ಯಾರು ಕೂರುತ್ತಾರೆ ಅದರ ಮುಂದೆ?

ಕುಶಾಲನಗರ_ಲೆಕ್ಕ | ಜೂನ್ 11, ಬೆಳಿಗ್ಗೆ 7:50

ಯಾರಾದರೂ ಟ್ಯಾಲಿ ಮೇಲೆ ಹಾಕುವ ಮೊದಲೇ ಹೇಳಿಬಿಡುತ್ತೇನೆ, ಟ್ಯಾಲಿ ಅಲ್ಲ. ನಮ್ಮ ಆಫೀಸಿನಲ್ಲಿ ಮೂವರು ದಿನವಿಡೀ ಅದರಲ್ಲೇ ಇರುತ್ತೇವೆ. ಎಸ್‌ಎಸ್‌ಡಿ ಹಾಕಿ ನಾಲ್ಕು ವರ್ಷ ಆಯಿತು, ಇನ್ನೂ 94 ಇದೆ.

ಮಳೆಪುಸ್ತಕ | ಜೂನ್ 11, ಮಧ್ಯಾಹ್ನ 1:15

ಅಕ್ಕ, ಬಲಮೂಲೆಯಲ್ಲೂ 23,400 ಚಿಲ್ಲರೆ ಜಿಬಿ ಅಂತಲೇ ಇದೆ. ಗಂಟೆಯ ವಿಷಯ ವಿಚಾರಿಸಿದೆ. ನಾನು ಮನೆಗೆ ಬಂದ ಮೇಲೆ ಆಫ್ ಆಗುತ್ತದೆ ಅಂತಲೇ ನಂಬಿದ್ದೆ. ನಮ್ಮ ರೈಟರ್ (ತೋಟದ ಗುಮಾಸ್ತರು) ಕ್ಯಾಮೆರಾ ನೋಡಲು ಆನ್ ಇಟ್ಟೇ ಹೋಗುತ್ತಾರಂತೆ, ಮಾನಿಟರ್ ಮಾತ್ರ ಆಫ್. ನಾಲ್ಕು ಕ್ಯಾಮೆರಾ ಇವೆ: ಎರಡು ಕಣಕ್ಕೆ, ಒಂದು ಸ್ಟೋರಿಗೆ, ಒಂದು ಗೇಟಿಗೆ. ಆದರೆ ಅದರ ರೆಕಾರ್ಡಿಂಗ್ ಎಸ್‌ಎಸ್‌ಡಿಗೆ ಹೋಗುವುದಿಲ್ಲ. ಪಕ್ಕದಲ್ಲಿ 4 ಟಿಬಿಯ ಹೊರಗಿನ ಹಾರ್ಡ್‌ಡಿಸ್ಕ್ ಇದೆ, ಎಲ್ಲ ಅದಕ್ಕೇ ಹೋಗುವ ಹಾಗೆ ಹಾಕಿಸಿದವರೇ ಸೆಟ್ ಮಾಡಿದ್ದಾರೆ. ನಾನೇ ತೆರೆದು ನೋಡಿದ್ದೇನೆ, ಅಲ್ಲಿ ಫೈಲ್ ಇವೆ.

ಬೆಂಗ್ಳೂರಲ್ಲಿರೋ_ಕೊಡಗಿನವ | ಜೂನ್ 11, ರಾತ್ರಿ 8:30

ಹಾಗಾದರೆ ನಿಮ್ಮ ತೋಟದಲ್ಲಿ ರೈಟರ್ ಇಬ್ಬರು. ಒಬ್ಬರಿಗೆ ಸಂಬಳ ಕೊಡುತ್ತೀರಿ, ಇನ್ನೊಬ್ಬ ಯಾರು ಅಂತ ಗೊತ್ತಿಲ್ಲ :)

ತಮಾಷೆ ಬಿಡಿ. ನನ್ನದು ಸರ್ವರ್ ನೋಡಿಕೊಳ್ಳುವ ಕೆಲಸ. ಪರ್ಸೆಂಟ್ ನೋಡಿ ಅಷ್ಟೇನೂ ಹೆದರಬೇಕಾಗಿಲ್ಲ. 2013ರಿಂದ 2015ರವರೆಗೆ ಟೆಕ್ ರಿಪೋರ್ಟ್ ಜಾಲತಾಣದವರು ಆರು ಎಸ್‌ಎಸ್‌ಡಿ ಇಟ್ಟುಕೊಂಡು ಸಾಯುವವರೆಗೂ ಬರೆದು ನೋಡಿದರು. ಎಲ್ಲವೂ 240, 250 ಜಿಬಿ ಆಸುಪಾಸಿನವು. ಆರೂ ನೂರಾರು ಟೆರಾಬೈಟ್ ದಾಟಿದವು, ಎರಡು 2,000 ಟಿಬಿಯನ್ನೂ ಮೀರಿದವು. ಕಂಪನಿ ಬರೆದುಕೊಡುವ ಟಿಬಿಡಬ್ಲ್ಯು (ಒಟ್ಟು ಎಷ್ಟು ಟೆರಾಬೈಟ್ ಬರೆಯಬಹುದು ಅನ್ನುವ ಲೆಕ್ಕ) ವಾರಂಟಿಯ ಗೆರೆ, ಸಾವಿನ ಗೆರೆ ಅಲ್ಲ.

ಪರ್ಸೆಂಟ್ ಸುಳ್ಳು ಹೇಳುವುದೂ ಉಂಟು. 2023ರ ಶುರುವಿನಲ್ಲಿ ಸ್ಯಾಮ್‌ಸಂಗ್ 990 ಪ್ರೋ ಕೊಂಡವರಿಗೆ ಹೊಸ ಡ್ರೈವ್‌ನ ಹೆಲ್ತ್ ಸರಸರ ಇಳಿಯಿತು. ಕಂಪನಿ ಫರ್ಮ್‌ವೇರ್ (ಡ್ರೈವ್ ಒಳಗಿನ ಸಾಫ್ಟ್‌ವೇರ್) ಬದಲಿಸಿ ನಿಲ್ಲಿಸಿತು.

ಟರ್ಮಿನಲ್_ಅಕ್ಕ | ಜೂನ್ 11, ರಾತ್ರಿ 9:05

ತಮ್ಮಾ, ಆ ಪರೀಕ್ಷೆಯ ಡ್ರೈವ್‌ಗಳು ಹೆಚ್ಚಿನವು ಒಂದು ಕೋಶದಲ್ಲಿ ಎರಡು ಬಿಟ್ ಇಡುವಂಥವು. ಈಗ ಅಗ್ಗದ ಡ್ರೈವ್‌ನಲ್ಲಿ ಮೂರು, ನಾಲ್ಕು ಬಿಟ್ ತುರುಕುತ್ತಾರೆ. ಅಷ್ಟು ತಾಳಿಕೆ ಬರುವುದಿಲ್ಲ. ಅದೇ ಪರೀಕ್ಷೆಯಲ್ಲಿ ಇಂಟೆಲ್ ಡ್ರೈವ್ ಏನು ಮಾಡಿತು ಅಂತಲೂ ಹೇಳು. ಗೆರೆ ಮುಟ್ಟಿದ ಮೇಲೆ ಬರೆಯುವುದನ್ನು ನಿಲ್ಲಿಸಿತು, ರೀಸ್ಟಾರ್ಟ್ ಮಾಡಿದ ಮೇಲೆ ಓದಲೂ ಸಿಗಲಿಲ್ಲ.

ಗೋಣಿಕೊಪ್ಪ_ರಿಪೇರಿ | ಜೂನ್ 11, ರಾತ್ರಿ 9:30

ನನ್ನ ಅನುಭವ ಬೇರೆ. ಅಂಗಡಿಯಲ್ಲಿ ಸತ್ತ ಎಸ್‌ಎಸ್‌ಡಿ ಹಾಕುವ ಡಬ್ಬ ಒಂದಿದೆ, ಹಳೇ ಬಿಸ್ಕೆಟ್ ಡಬ್ಬ. ಅದರಲ್ಲಿ ಬರೆದೂ ಬರೆದು ಸವೆದು ಸತ್ತದ್ದು ಅಂತ ಖಾತ್ರಿಯಾಗಿ ಹೇಳುವಂಥದ್ದು ಎರಡೋ ಮೂರೋ. ಉಳಿದವೆಲ್ಲ ಹೆಲ್ತ್ 95, 98 ತೋರಿಸುತ್ತಲೇ ಒಂದು ಬೆಳಿಗ್ಗೆ ಏಳಲೇ ಇಲ್ಲ. ಕಂಟ್ರೋಲರ್ (ಡ್ರೈವ್ ನಡೆಸುವ ಚಿಪ್) ಹೋಗಿರುತ್ತದೆ. ನಮ್ಮ ಕಡೆ ಮೇಲಿಂದ ಥಂಡಿ ಬೇರೆ. ಆಗಸ್ಟ್‌ನಲ್ಲಿ ಕ್ಯಾಬಿನೆಟ್ ಬಿಚ್ಚಿದರೆ ಸ್ಕ್ರೂ ಹಸಿರಾಗಿರುತ್ತದೆ. ಆದ್ದರಿಂದ ಪರ್ಸೆಂಟ್ ಎಷ್ಟೇ ಇರಲಿ, ಟ್ಯಾಲಿ ಡೇಟಾ ಇನ್ನೊಂದು ಕಡೆ ಕಾಪಿ ಇಡಿ ಸರ್. ಇದನ್ನು ದಿನಕ್ಕೆ ನಾಲ್ಕು ಜನರಿಗೆ ಹೇಳುತ್ತೇನೆ, ಡೇಟಾ ಹೋದ ಮೇಲೆ.

ಟರ್ಮಿನಲ್_ಅಕ್ಕ | ಜೂನ್ 11, ರಾತ್ರಿ 10:10

ರಿಪೇರಿಯವರ ಮಾತು ನಿಜ. ಆದರೆ ದಿನಕ್ಕೆ 78 ಜಿಬಿ ಹೋಗುವುದು ಎಲ್ಲಿಗೆ ಅಂತ ಹುಡುಕುವುದು ಬೇರೆ ವಿಷಯ. ಟ್ಯಾಂಕ್ ದೊಡ್ಡದಿದೆ ಅಂತ ಸೋರುವ ನಲ್ಲಿ ಬಿಡುತ್ತೇವಾ?

ಯಾಕೆ ಸವೆಯುತ್ತದೆ ಅಂತ ಒಂದು ಮಾತು. ಇದರಲ್ಲಿ ಬರೆದ ಜಾಗದ ಮೇಲೇ ಮತ್ತೆ ಬರೆಯಲು ಬರುವುದಿಲ್ಲ. ಮೊದಲು ಅಳಿಸಬೇಕು. ಬರೆಯುವುದು ಪುಟ ಲೆಕ್ಕದಲ್ಲಿ, ಕೆಲವೇ ಕೆಬಿ. ಅಳಿಸುವುದು ದೊಡ್ಡ ಬ್ಲಾಕ್ ಲೆಕ್ಕದಲ್ಲಿ, ಎಷ್ಟೋ ಎಂಬಿ. ಕಣದ ಹಾಗೆ ಅಂದುಕೊಳ್ಳಿ. ಕಣ ಖಾಲಿ ಇದ್ದರೆ ಹೊಸ ಹಣ್ಣು ತಂದು ಸುಮ್ನೆ ಹರಡಬಹುದು. ತುಂಬಿದ್ದರೆ ಒಂದು ಮೂಟೆ ಹರಡಬೇಕಾದರೂ ಅರ್ಧ ಒಣಗಿದ ರಾಶಿಯನ್ನು ಎತ್ತಿ ಇನ್ನೊಂದು ಮೂಲೆಗೆ ಸುರಿಯಬೇಕು. ಡ್ರೈವ್ ಒಳಗೂ ಹೀಗೆ ಎತ್ತಿ ಸುರಿಯುವ ಕೆಲಸ ನಡೆಯುತ್ತದೆ. ನೀವು 1 ಜಿಬಿ ಬರೆದರೆ ಒಳಗೆ ಒಂದೂವರೆಯೋ ಎರಡೋ ಆಗಬಹುದು. ಪರ್ಸೆಂಟ್ ಇಳಿಯುವುದು ಒಳಗಿನ ಈ ಲೆಕ್ಕದ ಮೇಲೆ. ಟೋಟಲ್ ಹೋಸ್ಟ್ ರೈಟ್ಸ್ ನಾವು ಹೊರಗಿನಿಂದ ಹಾಕಿದ್ದು ಮಾತ್ರ. ಎರಡೂ ಪಕ್ಕಾ ತಾಳೆಯಾಗುವುದಿಲ್ಲ. ನಿಮ್ಮ ಸೈಜಿನ ಕಿಂಗ್‌ಸ್ಟನ್ ಎ400, ಕ್ರೂಶಿಯಲ್ ಬಿಎಕ್ಸ್500 ಎರಡಕ್ಕೂ 80 ಟಿಬಿಡಬ್ಲ್ಯು ಬರೆದಿದ್ದಾರೆ. ನಿಮ್ಮದನ್ನೂ ಹಾಗೇ ಹಿಡಿದರೆ 23.4 ಅಂದರೆ 29 ಪರ್ಸೆಂಟ್ ಮುಗಿದಿದೆ, ಡ್ರೈವ್ 32 ಅನ್ನುತ್ತಿದೆ. ಹತ್ತಿರವೇ ಇದೆ, ಪರವಾಗಿಲ್ಲ.

ಈಗ ಮಾಡಬೇಕಾದದ್ದು: ಪರ್ಸೆಂಟ್ ಮರೆತುಬಿಡಿ. ದಿನಾ ಒಂದೇ ಹೊತ್ತಿಗೆ ಟೋಟಲ್ ಹೋಸ್ಟ್ ರೈಟ್ಸ್ ಬರೆದಿಟ್ಟು, ಹಿಂದಿನ ದಿನದ್ದನ್ನು ಕಳೆಯಿರಿ. ಒಂದು ವಾರ ಸಾಕು.

ಹೋಂಸ್ಟೇ_ಸೋಮವಾರಪೇಟೆ | ಜೂನ್ 12, ಬೆಳಿಗ್ಗೆ 6:45

ಪೇಜ್‌ಫೈಲ್ (ರ‍್ಯಾಮ್ ಸಾಲದಾಗ ಬಳಸುವ ಡಿಸ್ಕ್ ಜಾಗ) ಆಫ್ ಮಾಡಿ, ಹೈಬರ್ನೇಟ್ (ರ‍್ಯಾಮ್‌ನಲ್ಲಿದ್ದದ್ದನ್ನು ಡಿಸ್ಕ್‌ಗೆ ಬರೆದು ಮಲಗುವುದು) ಆಫ್ ಮಾಡಿ, ಇಂಡೆಕ್ಸಿಂಗ್ (ಫೈಲ್ ಬೇಗ ಹುಡುಕಲು ಪಟ್ಟಿ ಮಾಡುವುದು) ಆಫ್ ಮಾಡಿ ಅಂತ ಒಂದು ವಿಡಿಯೋದಲ್ಲಿ ಹೇಳಿದ್ದರು. ನಾನು ಎಲ್ಲ ಆಫ್ ಮಾಡಿದ್ದೇನೆ.

ಬೆಂಗ್ಳೂರಲ್ಲಿರೋ_ಕೊಡಗಿನವ | ಜೂನ್ 12, ಬೆಳಿಗ್ಗೆ 7:20

ಪೇಜ್‌ಫೈಲ್ ತಿರುಗಿ ಆನ್ ಮಾಡಿ ಅಕ್ಕ, ದಯವಿಟ್ಟು. ರ‍್ಯಾಮ್ ತುಂಬಿದ ದಿನ ಅತಿಥಿಗಳ ಬುಕಿಂಗ್ ತೆರೆದಿರುವಾಗಲೇ ಬ್ರೌಸರ್ ಮುಚ್ಚಿಹೋಗುತ್ತದೆ. ಹೈಬರ್ನೇಟ್ ಒಂದು ಸಲಕ್ಕೆ ಒಂದೆರಡು ಜಿಬಿ ಬರೆಯಬಹುದು, ಅದು ಬೇಡವಾದರೆ ತೆಗೆಯಿರಿ, ನಷ್ಟ ಇಲ್ಲ. ಇಂಡೆಕ್ಸಿಂಗ್‌ನಿಂದ ಉಳಿಯುವುದು ಪುಡಿಗಾಸು. ಯಾವುದು ಬರೆಯುತ್ತಿದೆ ಅಂತ ನೋಡದೆ ಕಂಡದ್ದನ್ನೆಲ್ಲ ಆಫ್ ಮಾಡುವುದು ನನಗೆ ಹಿಡಿಸುವುದಿಲ್ಲ.

ನಾಪೋಕ್ಲು_ಗಾಳಿಮಳೆ | ಜೂನ್ 14, ರಾತ್ರಿ 9:00

ನನ್ನದು ಎಸ್‌ಎಸ್‌ಡಿ ಅಲ್ಲ, ಮೆಮೊರಿ ಕಾರ್ಡ್. ರೋಗ ಮಾತ್ರ ಒಂದೇ.

ಮನೆ ಮಾಡಿನ ಮೇಲೆ ಮಳೆಮಾಪಕ ಇಟ್ಟಿದ್ದೇನೆ, ಕೆಳಗೆ ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್. ಮೊದಲ ವರ್ಷ ಜುಲೈ ಮಧ್ಯದಲ್ಲಿ ಕಾರ್ಡ್ ಸತ್ತಿತು. ಎರಡನೇ ವರ್ಷವೂ ಜುಲೈ. ಮಳೆ ಜೋರಾದಾಗಲೇ ಸಾಯುತ್ತದೆ, ನೀರು ಹೋಗುತ್ತಿದೆ ಅಂತ ಪ್ಲಾಸ್ಟಿಕ್ ಡಬ್ಬಿ ಬದಲಿಸಿದೆ, ಸಿಲಿಕಾ ಜೆಲ್ ಹಾಕಿದೆ, ಎಂ-ಸೀಲ್ ಬಳಿದೆ. ಕೊನೆಗೆ ನೋಡಿದರೆ ನಾನೇ ಬರೆದ ಪ್ರೋಗ್ರಾಂ ಕಳ್ಳ. ಸೆಕೆಂಡಿಗೊಂದು ಸಾಲು ಡೇಟಾಬೇಸ್‌ಗೆ ಹಾಕಿ ಪ್ರತಿ ಸಲವೂ ಕಮಿಟ್ ಮಾಡುತ್ತಿತ್ತು, ಅಂದರೆ ಆಗಲೇ ಕಾರ್ಡ್‌ಗೆ ಬರೆದುಬಿಡುತ್ತಿತ್ತು. ಸಾಲು ಇರುವುದು 40 ಬೈಟ್. ಆದರೆ ಡೇಟಾಬೇಸ್‌ಗೆ ಪುಟ ಅಂದರೆ 4 ಕೆಬಿ. ಮೊದಲು ಜರ್ನಲ್‌ಗೆ (ಮುನ್ನೆಚ್ಚರಿಕೆಯ ಪ್ರತಿಗೆ) ಒಂದು ಪುಟ, ಆಮೇಲೆ ನಿಜವಾದ ಪುಟ, ಜೊತೆಗೆ ಫೈಲ್‌ಸಿಸ್ಟಂನ ತನ್ನದೇ ಬರವಣಿಗೆ. ಮೂರು ಪುಟ ಅಂತ ಹಿಡಿದರೂ ದಿನದ 86,400 ಸೆಕೆಂಡಿಗೆ 1 ಜಿಬಿ ದಾಟುತ್ತದೆ. ಮಳೆಯ ನಿಜವಾದ ಲೆಕ್ಕ ಮೂರೂವರೆ ಎಂಬಿ! 8 ಜಿಬಿಯ ಅಗ್ಗದ ಕಾರ್ಡ್ ಪಾಪ ಎಷ್ಟು ತಡೆದೀತು?

ಈಗ ರ‍್ಯಾಮ್‌ನಲ್ಲಿ ಕೂಡಿಟ್ಟು ಹತ್ತು ನಿಮಿಷಕ್ಕೊಮ್ಮೆ ಬರೆಯುತ್ತೇನೆ. ಕರೆಂಟ್ ಹೋದರೆ ಹತ್ತು ನಿಮಿಷದ ಮಳೆ ಹೋಗುತ್ತದೆ, ಹೋಗಲಿ. ಅದೇ ಕಾರ್ಡ್‌ಗೆ ಇದು ಮೂರನೇ ಮಳೆಗಾಲ.

ಬೆಂಗ್ಳೂರಲ್ಲಿರೋ_ಕೊಡಗಿನವ | ಜೂನ್ 14, ರಾತ್ರಿ 9:35

ನಿಮ್ಮೊಬ್ಬರ ಕಥೆ ಅಲ್ಲ ಅಣ್ಣ ಇದು. ಟೆಸ್ಲಾ ಕಾರಿಗೂ ಇದೇ ಆಯಿತು. ಹಳೇ ಮಾಡೆಲ್ ಎಸ್, ಎಕ್ಸ್ ಪರದೆಯ ಹಿಂದೆ 8 ಜಿಬಿಯ ಚಿಪ್ ಇತ್ತು. ದಿನಾ ಬರೆದೂ ಬರೆದು ಸವೆಯಿತು, ಪರದೆ ಕಪ್ಪಾಯಿತು, ರಿವರ್ಸ್ ಕ್ಯಾಮೆರಾ ಹೋಯಿತು. 2021ರ ಫೆಬ್ರವರಿಯಲ್ಲಿ ಅಮೆರಿಕದಲ್ಲಿ ಸುಮಾರು 1.35 ಲಕ್ಷ ಕಾರು ವಾಪಸ್ ಕರೆಸಬೇಕಾಯಿತು.

ಮಳೆಪುಸ್ತಕ | ಜೂನ್ 17, ಬೆಳಿಗ್ಗೆ 8:40

ಅಕ್ಕ ಹೇಳಿದ ಹಾಗೆ ಮಾಡಿದೆ. ನಾನು ದಿನಾ ಬೆಳಿಗ್ಗೆ ಎಂಟಕ್ಕೆ ಮಳೆ ಅಳೆದು ಪುಸ್ತಕದಲ್ಲಿ ಬರೆಯುತ್ತೇನೆ. ನಮ್ಮ ತಂದೆ ಕಾಲದಿಂದ ಇರುವ ಅಭ್ಯಾಸ. ಬೇರೆ ಪುಸ್ತಕ ಯಾಕೆ ಅಂತ ಅದರ ಪಕ್ಕದಲ್ಲೇ ಒಂದು ಗೆರೆ ಎಳೆದು 'ಡಿಸ್ಕ್' ಅಂತ ಬರೆದೆ. ಹಿಂದಿನ ಬೆಳಿಗ್ಗೆಯಿಂದ ಈ ಬೆಳಿಗ್ಗೆವರೆಗಿನ ಲೆಕ್ಕ:

ಜೂನ್ 12: ಮಳೆ 35 ಸೆಂಟ್ಸ್ (ನೂರು ಸೆಂಟ್ಸ್‌ಗೆ ಒಂದು ಇಂಚು). ಡಿಸ್ಕ್ ಲೆಕ್ಕ ಅವತ್ತಿನಿಂದ ಶುರು
ಜೂನ್ 13: ಮಳೆ 10 ಸೆಂಟ್ಸ್. ಡಿಸ್ಕ್ 5 ಜಿಬಿ
ಜೂನ್ 14: ಮಳೆ 2 ಇಂಚು 15. ಡಿಸ್ಕ್ 97
ಜೂನ್ 15: ಮಳೆ 3 ಇಂಚು 40. ಡಿಸ್ಕ್ 176
ಜೂನ್ 16: ಮಳೆ 1 ಇಂಚು 5. ಡಿಸ್ಕ್ 175
ಜೂನ್ 17: ಮಳೆ 1 ಇಂಚು 80. ಡಿಸ್ಕ್ 5

ನಗಬೇಡಿ. ಮಳೆ ಜಾಸ್ತಿಯಾದರೆ ಡಿಸ್ಕ್ ಜಾಸ್ತಿ ಬರೆಯುತ್ತದೆ. ನಾನಂತೂ ಹೀಗೆ ಎಲ್ಲೂ ಕೇಳಿರಲಿಲ್ಲ.

ಹೋಂಸ್ಟೇ_ಸೋಮವಾರಪೇಟೆ | ಜೂನ್ 17, ಬೆಳಿಗ್ಗೆ 9:02

ಮಳೆ ಬಂದರೆ ಹೊರಗೆ ಹೋಗಲು ಆಗುವುದಿಲ್ಲ, ಒಳಗೆ ಕೂತು ವಿಡಿಯೋ ನೋಡುತ್ತೀರಿ. ಅಷ್ಟೇ.

ಕುಶಾಲನಗರ_ಲೆಕ್ಕ | ಜೂನ್ 17, ಬೆಳಿಗ್ಗೆ 11:30

ಇಲ್ಲ ಇಲ್ಲ, ತಾಳೆಯಾಗುತ್ತಿಲ್ಲ. 16ಕ್ಕೂ 17ಕ್ಕೂ ನೋಡಿ. 16ನೇ ತಾರೀಕು ಮಳೆ 1 ಇಂಚು 5, ಡಿಸ್ಕ್ 175. 17ಕ್ಕೆ ಮಳೆ ಅದಕ್ಕಿಂತ ಜಾಸ್ತಿ, ಡಿಸ್ಕ್ 5. ಮಳೆಯೇ ಕಾರಣವಾಗಿದ್ದರೆ ಹೀಗಾಗಬಾರದು. 15, 16 ಎರಡೂ ದಿನ 175ರ ಹತ್ತಿರ ಇದೆ. ಅಂದರೆ ಅದು ಪೂರ್ತಿ ದಿನದ ಲೆಕ್ಕ, 97 ಅಂದರೆ ಅರ್ಧ ದಿನದ್ದು. ಏನೋ ಒಂದು 13ರ ಸಂಜೆ ಶುರುವಾಗಿದೆ, 16ರ ಬೆಳಿಗ್ಗೆ ನಿಂತಿದೆ. 13ರ ಸಂಜೆ ಏನಾಯಿತು? 16ರ ಬೆಳಿಗ್ಗೆ ಏನು ಮಾಡಿದಿರಿ?

ಮಳೆಪುಸ್ತಕ | ಜೂನ್ 17, ಮಧ್ಯಾಹ್ನ 2:10

13ರ ಸಂಜೆ ಏಳಕ್ಕೆ ಸಿಲ್ವರ್ ಮರ ಲೈನ್ ಮೇಲೆ ಬಿದ್ದು ಕರೆಂಟ್ ಹೋಯಿತು. ಒಂದು ಗಂಟೆಯಲ್ಲಿ ಬಂತು. ಕಂಪ್ಯೂಟರ್ ಇನ್ವರ್ಟರ್‌ನಲ್ಲಿ ಇರುವುದರಿಂದ ಆಫ್ ಆಗಲಿಲ್ಲ. 16ರ ಬೆಳಿಗ್ಗೆ ಪ್ರಿಂಟರ್ ಕೇಳುತ್ತಿಲ್ಲ ಅಂತ ರೀಸ್ಟಾರ್ಟ್ ಮಾಡಿದೆ. ಬೇರೇನೂ ಇಲ್ಲ.

ಟರ್ಮಿನಲ್_ಅಕ್ಕ | ಜೂನ್ 17, ಸಂಜೆ 5:45

ಲೆಕ್ಕದವರಿಗೆ ಒಂದು ಕಾಫಿ ನನ್ನ ಕಡೆಯಿಂದ.

ಅಣ್ಣ, ಇನ್ನೊಂದು ಸಲ ಕರೆಂಟ್ ಹೋಗಿ ಬಂದ ಮೇಲೆ ರೀಸ್ಟಾರ್ಟ್ ಮಾಡಬೇಡಿ. ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್ ಒಳಗೆ ಕೆಳಗಡೆ ರಿಸೋರ್ಸ್ ಮಾನಿಟರ್ ಇರುತ್ತದೆ, ಅದನ್ನು ಒತ್ತಿ. ಅಲ್ಲಿ ಡಿಸ್ಕ್ ಅನ್ನುವ ಪುಟ. ರೈಟ್ ಅನ್ನುವ ಕಾಲಂನ ತಲೆಯ ಮೇಲೆ ಕ್ಲಿಕ್ ಮಾಡಿದರೆ ಜಾಸ್ತಿ ಬರೆಯುವವನು ಮೇಲೆ ಬರುತ್ತಾನೆ. ಕೆಳಗಿನ ಪಟ್ಟಿಯಲ್ಲಿ ಯಾವ ಫೈಲ್, ಯಾವ ಡ್ರೈವ್ ಅಂತಲೂ ಇರುತ್ತದೆ. ಅದು ತೋರಿಸುವುದು ಕೊನೆಯ ಒಂದು ನಿಮಿಷದ ಸರಾಸರಿ. ಹಾಗಾಗಿ ಎರಡು ನಿಮಿಷ ಸುಮ್ಮನೆ ನೋಡುತ್ತಾ ಕೂರಿ.

ಮಳೆಪುಸ್ತಕ | ಜೂನ್ 19, ರಾತ್ರಿ 10:50

ಸಿಕ್ಕಿಬಿದ್ದ.

ಇವತ್ತು ಸಂಜೆ ಆರಕ್ಕೆ ಕರೆಂಟ್ ಹೋಯಿತು, ಆರೂಕಾಲಕ್ಕೆ ಬಂತು. ಬಂದ ಕೂಡಲೇ ಅಕ್ಕ ಹೇಳಿದ ಪುಟ ತೆರೆದೆ. ಮೇಲಿನ ಸಾಲಿನಲ್ಲೇ ಕ್ಯಾಮೆರಾ ಸಾಫ್ಟ್‌ವೇರ್, ಸೆಕೆಂಡಿಗೆ 20 ಲಕ್ಷ ಬೈಟ್ ಚಿಲ್ಲರೆ. ಕೆಳಗಿನ ಪಟ್ಟಿ ನೋಡಿದರೆ ಫೈಲ್ ಇರುವುದು ಹಾರ್ಡ್‌ಡಿಸ್ಕ್‌ನಲ್ಲಿ ಅಲ್ಲ, ಸಿ ಡ್ರೈವ್‌ನಲ್ಲಿ, ಅಂದರೆ ಎಸ್‌ಎಸ್‌ಡಿಯಲ್ಲೇ!

ನಡೆದದ್ದು ಇಷ್ಟು. ಹೊರಗಿನ ಹಾರ್ಡ್‌ಡಿಸ್ಕ್‌ಗೆ ಬೇರೆ ಅಡಾಪ್ಟರ್ ಇದೆ. ಅದು ಇನ್ವರ್ಟರ್ ಲೈನಿನಲ್ಲಿ ಇಲ್ಲ, ಗೋಡೆಯ ಮಾಮೂಲಿ ಪ್ಲಗ್‌ನಲ್ಲಿದೆ. ಕರೆಂಟ್ ಹೋದರೆ ಕಂಪ್ಯೂಟರ್, ಕ್ಯಾಮೆರಾ ಎಲ್ಲ ಓಡುತ್ತವೆ, ಹಾರ್ಡ್‌ಡಿಸ್ಕ್ ಮಾತ್ರ ಮಾಯ. ಹಾರ್ಡ್‌ಡಿಸ್ಕ್ ಕಾಣದಿದ್ದರೆ ಸಾಫ್ಟ್‌ವೇರ್ ಒಂದು ಮಾತು ಹೇಳದೆ ಸಿ ಡ್ರೈವ್‌ನ ತನ್ನ ಫೋಲ್ಡರ್‌ಗೆ ಬರೆಯಲು ಶುರು ಮಾಡುತ್ತದೆ. ಕರೆಂಟ್ ಬಂದು ಹಾರ್ಡ್‌ಡಿಸ್ಕ್ ತಿರುಗಿದರೂ ಅದು ವಾಪಸ್ ಹೋಗುವುದಿಲ್ಲ, ಯಾರಾದರೂ ರೀಸ್ಟಾರ್ಟ್ ಮಾಡುವವರೆಗೂ. ಫೋಲ್ಡರ್ 60 ಜಿಬಿ ತುಂಬಿದರೆ ಹಳೆಯದನ್ನು ತಾನೇ ಅಳಿಸಿ ಮುಂದುವರಿಯುತ್ತದೆ. ಅದಕ್ಕೇ ಸಿ ಡ್ರೈವ್ ಫುಲ್ ಅಂತ ಯಾವತ್ತೂ ಬರಲಿಲ್ಲ, ನಮಗೆ ಗೊತ್ತೂ ಆಗಲಿಲ್ಲ.

ಇನ್ವರ್ಟರ್ ಪ್ಲಗ್‌ನಲ್ಲಿ ಏನಿತ್ತು ಕೇಳಿ. ರೈಟರ್ ಅವರ ಮೊಬೈಲ್ ಚಾರ್ಜರ್. ಬೈಯಲು ಬಾಯಿ ಬರಲಿಲ್ಲ. ಕಳೆದ ವರ್ಷ ಆ ಪ್ಲಗ್ ತೋರಿಸಿ "ಇಲ್ಲಿ ಹಾಕ್ಕೊಳ್ಳಿ, ಕರೆಂಟ್ ಹೋದ್ರೂ ಚಾರ್ಜ್ ಆಗ್ತದೆ" ಅಂದವನು ನಾನೇ.

ಇನ್ನೊಂದು ವಿಷಯ ಈಗ ಹೊಳೆಯಿತು. ಮಾರ್ಚ್‌ನಲ್ಲಿ ಕಣದಿಂದ ಎರಡು ಮೂಟೆ ಮೆಣಸು ಹೋಗಿತ್ತು. ಆ ರಾತ್ರಿಯ ರೆಕಾರ್ಡಿಂಗ್ ಹುಡುಕಿದರೆ ಹಾರ್ಡ್‌ಡಿಸ್ಕ್‌ನಲ್ಲಿ ಇರಲಿಲ್ಲ. ಕ್ಯಾಮೆರಾ ಹಾಕಿಸಿದವರ ಮೇಲೆ ರೇಗಾಡಿದ್ದೆ. ಅದು ಸಿ ಡ್ರೈವ್‌ನಲ್ಲಿ ಇತ್ತು. 60 ಜಿಬಿ ಅಂದರೆ ಒಂದು ದಿನವೂ ಉಳಿಯದೆ ಅಳಿಸಿಹೋಗಿರಬೇಕು.

ಕುಶಾಲನಗರ_ಲೆಕ್ಕ | ಜೂನ್ 20, ಬೆಳಿಗ್ಗೆ 8:15

ಈಗ ತಾಳೆ ನೋಡಿದೆ. ಒಂದು ಕ್ಯಾಮೆರಾಗೆ ಸೆಕೆಂಡಿಗೆ 4 ಮೆಗಾಬಿಟ್ ಹಿಡಿದರೆ ನಾಲ್ಕಕ್ಕೆ 16. ಎಂಟು ಬಿಟ್‌ಗೆ ಒಂದು ಬೈಟ್, ಎಂಟರಿಂದ ಭಾಗಿಸಿದರೆ ಸೆಕೆಂಡಿಗೆ 2 ಎಂಬಿ. ಗಂಟೆಗೆ 7.2 ಜಿಬಿ, ದಿನಕ್ಕೆ 172.8. ಆಫೀಸ್ ಕೆಲಸದ ಮೂರೋ ನಾಲ್ಕೋ ಸೇರಿಸಿ, ನಿಮ್ಮ 176 ಬಂತು. 13ರ ಸಂಜೆ ಏಳರಿಂದ ಬೆಳಿಗ್ಗೆ ಎಂಟಕ್ಕೆ 13 ಗಂಟೆ, 93.6. ನಿಮ್ಮ 97 ಬಂತು. ಹತ್ತು ತಿಂಗಳಲ್ಲಿ ಸುಮಾರು 3,000 ಗಂಟೆ ಸಿ ಡ್ರೈವ್‌ಗೇ ಬರೆದಿದೆ.

ಪಕ್ಕದ ತೋಟದವರು ಹೇಳಿದ್ದೂ ಸರಿಯೇ ಆಯಿತಲ್ವಾ? ಕರೆಂಟ್ ಹೋಗಿಯೇ ಸವೆದದ್ದು, ಸುತ್ತು ದಾರಿಯಲ್ಲಿ.

ಗೋಣಿಕೊಪ್ಪ_ರಿಪೇರಿ | ಜೂನ್ 20, ಬೆಳಿಗ್ಗೆ 9:00

ಒಪ್ಪಿದೆ, ನಾನು ಮೊದಲ ದಿನ ಬಾಯಿ ಹಾಕಿದ್ದು ಸ್ವಲ್ಪ ಬೇಗ ಆಯಿತು.

ಅಡಾಪ್ಟರ್ ಇನ್ವರ್ಟರ್ ಲೈನಿಗೆ ಹಾಕಿ. ಅಷ್ಟಕ್ಕೇ ಬಿಡಬೇಡಿ, ಇನ್ವರ್ಟರ್ ಬ್ಯಾಟರಿ ಹೋದ ದಿನ ಅದೇ ಕಥೆ. ಸಾಫ್ಟ್‌ವೇರ್ ಸೆಟ್ಟಿಂಗ್‌ನಲ್ಲಿ ರೆಕಾರ್ಡಿಂಗ್ ಜಾಗದ ಪಟ್ಟಿ ಇರುತ್ತದೆ, ಅದರಲ್ಲಿ ಸಿ ಡ್ರೈವ್‌ನ ಟಿಕ್ ತೆಗೆಯಿರಿ. ತೆಗೆಯಲು ಬಿಡದಿದ್ದರೆ ಕ್ಯಾಬಿನೆಟ್ ಒಳಗೇ ಕ್ಯಾಮೆರಾಗೆ ಅಂತ ಬರುವ ಹಾರ್ಡ್‌ಡಿಸ್ಕ್ ಹಾಕಿಸಿ. 24 ಗಂಟೆ ಬರೆಯುವುದು ಅದರ ಕೆಲಸ. ಎಸ್‌ಎಸ್‌ಡಿ ಬದಲಿಸುವುದು ಬೇಡ, 68 ಅಂದರೆ ಇನ್ನೂ ಗಟ್ಟಿ ಇದೆ. ದಿನಕ್ಕೆ 5 ಜಿಬಿಯಾದರೆ ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಬರುತ್ತದೆ, ಲೆಕ್ಕದ ಪ್ರಕಾರ. ನನ್ನ ಬಿಸ್ಕೆಟ್ ಡಬ್ಬದ ಪ್ರಕಾರ ಬ್ಯಾಕಪ್ ಇಡಿ.

ಪೊನ್ನಂಪೇಟೆ_ಹಾಸ್ಟೆಲ್ | ಜೂನ್ 20, ರಾತ್ರಿ 11:20

ಮಧ್ಯೆ ಬಂದು ಕೇಳುತ್ತಿದ್ದೇನೆ, ಕ್ಷಮಿಸಿ. ನನ್ನ ಲ್ಯಾಪ್‌ಟಾಪ್‌ನಲ್ಲಿ ಲಿನಕ್ಸ್ ಮಿಂಟ್ ಇದೆ, ಎನ್‌ವಿಎಂಇ ಡ್ರೈವ್ (ಸಾಟಾಗಿಂತ ವೇಗದ ಎಸ್‌ಎಸ್‌ಡಿ). ಡ್ರೈವ್‌ನ ವಿವರ ತೋರಿಸುವ ಸ್ಮಾರ್ಟ್‌ಸಿಟಿಎಲ್ ಕಮಾಂಡ್ ಹಾಕಿದರೆ ಡೇಟಾ ಯೂನಿಟ್ಸ್ ರಿಟನ್ 1,87,50,000 ಅಂತ ಬರುತ್ತದೆ. 512ರಿಂದ ಗುಣಿಸಿದರೆ 9.6 ಜಿಬಿ. ಎರಡು ವರ್ಷಕ್ಕೆ 9.6 ಜಿಬಿ ಮಾತ್ರನಾ?

ಟರ್ಮಿನಲ್_ಅಕ್ಕ | ಜೂನ್ 21, ಬೆಳಿಗ್ಗೆ 6:30

ಮಗಾ, ಎನ್‌ವಿಎಂಇಯಲ್ಲಿ ಒಂದು ಯೂನಿಟ್ ಅಂದರೆ 512 ಬೈಟ್ ಅಲ್ಲ, ಅದರ ಸಾವಿರ ಪಟ್ಟು, 5,12,000 ಬೈಟ್. ಹಾಗಾಗಿ ನಿನ್ನದು 9.6 ಟಿಬಿ. ಎರಡು ವರ್ಷಕ್ಕೆ ಮಾಮೂಲು. ಅಲ್ಲೇ ಪರ್ಸೆಂಟೇಜ್ ಯೂಸ್ಡ್ ಅಂತ ಇದೆ ನೋಡು. ಅದು ಏರುವ ಸಂಖ್ಯೆ. ಸೊನ್ನೆ ಅಂದರೆ ಹೊಸತು, 100 ಅಂದರೆ ಕಂಪನಿ ಹೇಳಿದ ಆಯಸ್ಸು ಮುಗಿಯಿತು ಅಂತ. 100 ದಾಟಿಯೂ ಏರುತ್ತದೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋದವರು 100ರಿಂದ ಕಳೆದು ಹೆಲ್ತ್ ಅಂತ ತೋರಿಸುತ್ತಾರೆ. ಅದನ್ನು ನೋಡಿದವರು ಇಲ್ಲಿ 3 ಕಂಡು ಹೌಹಾರುತ್ತಾರೆ.

ಯಾರು ಬರೆಯುತ್ತಿದ್ದಾರೆ ಅಂತ ತಿಳಿಯಲು ಐಒಟಾಪ್ ಅನ್ನುವ ಕಮಾಂಡ್ ಹಾಕು, ಎ ಮತ್ತು ಒ ಆಯ್ಕೆ ಎರಡನ್ನೂ ಕೊಡು. ಎ ಅಂದರೆ ಶುರುವಿನಿಂದ ಕೂಡಿಸುತ್ತಾ ಹೋಗುತ್ತದೆ, ಒ ಅಂದರೆ ಕೆಲಸ ಮಾಡುತ್ತಿರುವವರನ್ನು ಮಾತ್ರ ತೋರಿಸುತ್ತದೆ. ಹೋದ ತಿಂಗಳು ನಾನು ಉತ್ತರ ಪತ್ರಿಕೆ ತಿದ್ದುವಾಗ ಎರಡು ಗಂಟೆ ಬಿಟ್ಟಿದ್ದೆ. ಬ್ರೌಸರ್ ಒಂದೇ 1 ಜಿಬಿ ದಾಟಿತ್ತು. ನಾನು ಮುಟ್ಟಿಯೂ ಇರಲಿಲ್ಲ, ಹಿಂದೆ ಒಂದು ವಿಡಿಯೋ ಟ್ಯಾಬ್ ಓಡುತ್ತಿತ್ತು ಅಷ್ಟೇ. 2016ರಲ್ಲಿ ಹಾಡು ಕೇಳುವ ಸ್ಪಾಟಿಫೈ ಸುಮ್ಮನೆ ಕೂತಿದ್ದಾಗಲೂ ದಿನಕ್ಕೆ ಹತ್ತಾರು ಜಿಬಿ ಬರೆಯುತ್ತಿದೆ ಅಂತ ದೊಡ್ಡ ಗಲಾಟೆ ಆಗಿತ್ತು, ನವೆಂಬರ್‌ನಲ್ಲಿ ಸರಿ ಮಾಡಿದರು. ಪತ್ತೆಯಾದದ್ದು ಹೀಗೆ ಯಾರೋ ಕೂತು ನೋಡಿದ್ದರಿಂದಲೇ.

ಹೋಂಸ್ಟೇ_ಸೋಮವಾರಪೇಟೆ | ಜೂನ್ 22, ಮಧ್ಯಾಹ್ನ 3:00

ಪೇಜ್‌ಫೈಲ್ ಆನ್ ಮಾಡಿದೆ. ಇನ್ನೊಂದು ಪ್ರಶ್ನೆ. ಹಳೇ ಎಸ್‌ಎಸ್‌ಡಿ ಒಂದರಲ್ಲಿ ಮಗನ ಮದುವೆಯ ಫೋಟೋ ಇದೆ. ಥಂಡಿಗೆ ಹೆದರಿ ಅಕ್ಕಿ ಡಬ್ಬದಲ್ಲಿ ಇಟ್ಟಿದ್ದೇನೆ, ಎರಡು ವರ್ಷ ಆಯಿತು. ತೊಂದರೆ ಇಲ್ವಾ?

ಬೆಂಗ್ಳೂರಲ್ಲಿರೋ_ಕೊಡಗಿನವ | ಜೂನ್ 22, ರಾತ್ರಿ 8:10

ಇವತ್ತೇ ತೆಗೆದು ಕಾಪಿ ಮಾಡಿಕೊಳ್ಳಿ ಅಕ್ಕ. ಎಸ್‌ಎಸ್‌ಡಿಯಲ್ಲಿ ಡೇಟಾ ಅಂದರೆ ಕೋಶದಲ್ಲಿ ಹಿಡಿದಿಟ್ಟ ಚಾರ್ಜ್. ಕರೆಂಟ್ ಕೊಡದೆ ಇಟ್ಟರೆ ಮೆಲ್ಲಗೆ ಸೋರುತ್ತದೆ. ಜೆಡೆಕ್ ಅನ್ನುವ ಮಾನಕ ಸಂಸ್ಥೆಯ ಲೆಕ್ಕ ಹೀಗಿದೆ: ಮನೆ ಬಳಕೆಯ ಡ್ರೈವ್ ತನ್ನ ಪೂರ್ತಿ ಆಯಸ್ಸು ಬರೆದು ಮುಗಿಸಿದ ಮೇಲೂ, ಕರೆಂಟ್ ಇಲ್ಲದೆ 30 ಡಿಗ್ರಿಯಲ್ಲಿ ಒಂದು ವರ್ಷ ಡೇಟಾ ಹಿಡಿದಿಡಬೇಕು. ಕಡಿಮೆ ಸವೆದದ್ದು ಇನ್ನೂ ಜಾಸ್ತಿ ಕಾಲ ತಡೆಯುತ್ತದೆ, ಹಾಗಾಗಿ ನಿಮ್ಮ ಫೋಟೋ ಇರುತ್ತದೆ ಅಂತಲೇ ನನ್ನ ನಂಬಿಕೆ. ಆದರೆ ಎತ್ತಿಡಲು ಹಾರ್ಡ್‌ಡಿಸ್ಕ್ ಒಳ್ಳೆಯದು. ಎರಡು ಕಾಪಿ, ಒಂದು ಬೇರೆ ಊರಿನಲ್ಲಿ.

ಹೋಂಸ್ಟೇ_ಸೋಮವಾರಪೇಟೆ | ಜೂನ್ 23, ಬೆಳಿಗ್ಗೆ 7:00

ಇದೆ, ಎಲ್ಲ ಫೋಟೋ ಇದೆ. ಒಂದು ಅಕ್ಕಿ ಹುಳವೂ ಇತ್ತು.

ಮಳೆಪುಸ್ತಕ | ಜುಲೈ 21, ರಾತ್ರಿ 9:30

ಒಂದು ತಿಂಗಳ ವರದಿ. ಅಡಾಪ್ಟರ್ ಇನ್ವರ್ಟರ್‌ಗೆ ಬಂತು, ರೈಟರ್ ಅವರಿಗೆ ಎಕ್ಸ್‌ಟೆನ್ಷನ್ ಬೋರ್ಡ್ ತಂದುಕೊಟ್ಟೆ. ಸಿ ಡ್ರೈವ್‌ನ ಟಿಕ್ ತೆಗೆದೆ. ನಿನ್ನೆ ಬೆಳಿಗ್ಗೆಯಿಂದ ಇವತ್ತು ಬೆಳಿಗ್ಗೆಗೆ ಮಳೆ 5 ಇಂಚು 20, ಕರೆಂಟ್ ಮೂರು ಸಲ ಹೋಗಿದೆ. ಡಿಸ್ಕ್ 4. ಹೆಲ್ತ್ ಇನ್ನೂ 68ರಲ್ಲೇ ನಿಂತಿದೆ. ಟ್ಯಾಲಿ ಡೇಟಾ ವಾರಕ್ಕೊಮ್ಮೆ ಪೆನ್‌ಡ್ರೈವ್‌ಗೆ ಹೋಗುತ್ತಿದೆ, ರಿಪೇರಿಯವರು ಬೈಯುತ್ತಾರೆ ಅಂತ.

ಡಿಸ್ಕ್ ಕಾಲಂ ತೆಗೆದುಹಾಕೋಣ ಅಂದುಕೊಂಡೆ, ಆದರೆ ಬರೆಯದೆ ಈಗ ಮನಸ್ಸು ಕೇಳುವುದಿಲ್ಲ.

ಕುಶಾಲನಗರ_ಲೆಕ್ಕ | ಜುಲೈ 21, ರಾತ್ರಿ 9:48

ಬರೆಯಿರಿ, ಒಳ್ಳೆಯದೇ. ತಿಂಗಳ ಕೊನೆಯಲ್ಲಿ ಮಳೆ, ಡಿಸ್ಕ್ ಎರಡನ್ನೂ ಸೇರಿಸಿ ಟೋಟಲ್ ಹಾಕಿಬಿಟ್ಟೀರಿ, ಜೋಕೆ.

ಮಳೆಪುಸ್ತಕ | ಜುಲೈ 21, ರಾತ್ರಿ 9:55

ಜೂನ್‌ಗೆ ರೈಟರ್ ಆಗಲೇ ಹಾಕಿದ್ದರು. ಪೆನ್ಸಿಲ್‌ನಲ್ಲಿ ಬರೆದದ್ದು, ಅಳಿಸಿದೆ.